ತೊಳೆದವಳು ಕೇಳಿದ ಅರ್ಧ ಪ್ರಶ್ನೆ

ಸಫೂರಾ ವುಜೂ ಮಾಡುವಾಗ ಕೈ ಮೂಸಿ ನೋಡುತ್ತಿದ್ದಳು. ಮೂರು ದಿನದಿಂದ ಹತ್ತಿದ ಅಭ್ಯಾಸ. ನಮಾಜಿಗೆ ಮುಂಚೆ ಎಲ್ಲರೂ ಮಾಡುವಂತೆ ಮಣಿಕಟ್ಟಿನವರೆಗೆ ಮೂರು ಸಲ ತೊಳೆಯುವಳು. ಬಾಯಿ ಮುಕ್ಕಳಿಸುವ ಮೊದಲು ಬಲಗೈಯನ್ನು ಮೂಗಿನ ಹತ್ತಿರ ತರುವಳು. ಮತ್ತೆ ತೊಳೆಯುವಳು.

"ಏನೇ, ಬಿರಿಯಾನಿ ವಾಸನೆ ಇನ್ನೂ ಹೋಗಿಲ್ಲವಾ?" ಪಕ್ಕದ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದ ಜುವೇರಿಯಾ ಛೇಡಿಸಿದಳು. "ಯಾರ ಮನೆಯಲ್ಲಿ ಉಂಡು ಬಂದೆ? ನಮ್ಮನ್ನೂ ಕರೀಬೇಕಿತ್ತು."

ಸಫೂರಾ ನಗಲಿಲ್ಲ. ನಾಲ್ಕನೆಯ ಸಲ ಕೈ ತೊಳೆದಳು.

"ಮೂರಕ್ಕಿಂತ ಹೆಚ್ಚಾದರೆ ನೀರು ದಂಡ ಕಣೇ. ಹೊಳೆಯ ದಡದಲ್ಲಿ ಕೂತರೂ ನೀರು ದಂಡ ಮಾಡಬಾರದು ಅಂತ ಆಪಾ ಎಷ್ಟು ಸಲ ಹೇಳಿಲ್ಲ?"

ಖೈರುನ್ನಿಸಾ ಆಪಾ ಪಡಸಾಲೆಯಿಂದ ಇದನ್ನು ನೋಡುತ್ತಿದ್ದರು. ಓಣಿಯ ಹುಡುಗಿಯರಿಗೆ ಅರಬ್ಬಿ ಪಾಠ ಹೇಳಿಕೊಡುವವರು ಅವರು. ದೊಡ್ಡವರಾದ ಹುಡುಗಿಯರಿಗೆ ಮೈಯತ್ತಿಗೆ, ಅಂದರೆ ಸತ್ತವರ ದೇಹಕ್ಕೆ, ಸ್ನಾನ ಮಾಡಿಸುವುದನ್ನೂ ಕಲಿಸುತ್ತಿದ್ದರು. ಹೆಂಗಸು ಸತ್ತರೆ ಹೆಂಗಸರೇ ತೊಳೆಯಬೇಕು. ಕಲಿತವರು ಊರಿಗೆ ಇಬ್ಬರೋ ಮೂವರೋ. ಮೊನ್ನೆ ಹೊಸ ಓಣಿಯ ಒಂದು ಮನೆಯಲ್ಲಿ ಹಿರಿಯ ಸೊಸೆ ತೀರಿಕೊಂಡಳು. ಆಪಾಗೆ ಜ್ವರವಿತ್ತು. ಕಣ್ಣು ಮಂಜಾದ ಒಬ್ಬ ಮುದುಕಿಯ ಜೊತೆಗೆ ಸಫೂರಾಳನ್ನು ಕಳಿಸಿದ್ದರು. ಸಫೂರಾ ಮೈಯತ್ ತೊಳೆದದ್ದು ಅದೇ ಮೊದಲು.

ಮಧ್ಯಾಹ್ನದ ನಮಾಜು ಮುಗಿಯಿತು. ಹುಡುಗಿಯರು ಮನೆಗೆ ಹೋದರು. ಸಫೂರಾ ಒಬ್ಬಳೇ ಉಳಿದು ಚಾಪೆಗಳನ್ನು ಸುತ್ತಿದಳು. ಸುತ್ತಿದ ಚಾಪೆಯನ್ನು ಬಿಚ್ಚಿ ಮತ್ತೆ ಸುತ್ತಿದಳು.

"ಆಪಾ, ಒಂದು ಕೇಳಲಾ?"

"ಕೇಳು."

"ಮೈಯತ್ ತೊಳೆದವರು ಒಳಗೆ ಕಂಡದ್ದನ್ನು ಹೊರಗೆ ಹೇಳಬಾರದು. ನೀವೇ ಕಲಿಸಿದ್ದು. ಯಾರಿಗೂ ಹೇಳಬಾರದಾ?"

"ಯಾರಾದರೂ ಕೇಳಿದರಾ?"

"ಇವತ್ತು ಮೂರನೆಯ ದಿನ. ಆ ಮನೆಯಲ್ಲಿ ಸತ್ತವಳ ಹೆಸರಿನ ಜಿಯಾರತ್ ಪ್ರಾರ್ಥನೆ ಇದೆ. ತೊಳೆದವರನ್ನು ಕಾಣಬೇಕು ಅಂತ ತೀರಿಕೊಂಡವಳ ಅಮ್ಮ ಹೇಳಿ ಕಳಿಸಿದ್ದಾರೆ. ಸಂಜೆಯ ಅಸರ್ ನಮಾಜು ಆದ ಮೇಲೆ ಬರಬೇಕಂತೆ."

ಆಪಾ ಗೋಡೆಗೆ ಒರಗಿ ಕುಳಿತರು. "ಅಸರ್‌ಗೆ ಇನ್ನೂ ಸಮಯವಿದೆ. ಕೂತುಕೋ," ಎಂದರು. ಸಫೂರಾ ಕುಳಿತಳು. ಆಪಾ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬಳು ಮೈಯತ್ ತೊಳೆಯುವವಳಿದ್ದಳು. ವಿಧವೆ. ಐದು ಹೊತ್ತಿನ ನಮಾಜನ್ನು ಬಿಟ್ಟವಳಲ್ಲ. ಯಾವ ಮನೆಯಲ್ಲಿ ಹೆಂಗಸು ಸತ್ತರೂ ಅವಳಿಗೆ ಕರೆ ಬರುತ್ತಿತ್ತು. ಬಡವರ ಮನೆ, ಸಿರಿವಂತರ ಮನೆ ಎಂಬ ಭೇದ ಅವಳಿಗಿರಲಿಲ್ಲ. ಬೋರೆಹಣ್ಣಿನ ಗಿಡದ ಎಲೆ ಹಾಕಿ ನೀರು ಕಾಯಿಸುವಳು. ಸತ್ತವಳ ಮೈಮೇಲಿನ ಬಟ್ಟೆ ಸರಿಯದಂತೆ, ಅದರ ಕೆಳಗೆ ಕೈಯಾಡಿಸಿ ತೊಳೆಯುವಳು. ಮೊದಲು ಬಲಗಡೆ, ಆಮೇಲೆ ಎಡಗಡೆ. ಹೀಗೆ ಮೂರು ಸಲ. ಕೊನೆಯ ನೀರಿಗೆ ಕರ್ಪೂರ. ಕೂದಲನ್ನು ಎರಡು ಪಾಲು ಮಾಡಿ ಎದೆಯ ಮೇಲೆ ಇಳಿಬಿಡುವಳು. ಐದು ತುಂಡು ಬಿಳಿ ಬಟ್ಟೆಯಲ್ಲಿ ಸುತ್ತುವಳು. ತೊಳೆಯುವಾಗ ಸತ್ತವಳ ಜೊತೆ ಮಾತಾಡುತ್ತಿದ್ದಳು. "ನೀರು ಬಿಸಿಯಾಯಿತೇನಮ್ಮಾ? ಇರು, ಸ್ವಲ್ಪ ತಣ್ಣೀರು ಬೆರೆಸುತ್ತೇನೆ," ಎನ್ನುವಳು.

ಹೊರಗೆ ಬಂದ ಮೇಲೆ ಬಾಯಿ ಬಿಡುತ್ತಿರಲಿಲ್ಲ. ಸತ್ತವರ ಐಬನ್ನು ಮುಚ್ಚಿದವರ ಐಬನ್ನು ಅಲ್ಲಾಹನು ಮುಚ್ಚುತ್ತಾನೆ ಎಂದು ಅವಳಿಗೆ ಕಲಿಸಿದ್ದರು. ಐಬು ಎಂದರೆ ಕುಂದು. ನಾಲ್ಕು ಜನ ನೋಡಿದರೆ ನಾಚಿಕೆಯಾಗುವಂಥದ್ದು. ಯಾರ ಮೈಯಲ್ಲಿ ಬಿಳಿ ಮಚ್ಚೆಯಿತ್ತು, ಯಾರ ಬೆನ್ನಿನಲ್ಲಿ ಹುಣ್ಣಿತ್ತು, ಅವಳಿಗೆ ಗೊತ್ತು. ಅವಳಿಗೆ ಮಾತ್ರ ಗೊತ್ತು. ಒಮ್ಮೆ ಒಬ್ಬ ಜಂಬದ ಮುದುಕಿ ಸತ್ತಾಗ ನೆರೆಯ ಹೆಂಗಸರು ಅವಳನ್ನು ಸುತ್ತುವರಿದರು. "ಹೇಳೇ, ಆ ಮುದುಕಿಯ ಜಡೆ ನಿಜದ್ದೋ, ಚೌರಿಯೋ?" ಎಂದರು. "ನೀರು ಚೆನ್ನಾಗಿ ಕಾದಿತ್ತು," ಎಂದು ಹೇಳಿ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅಂಥವಳು.

ಆ ಊರಿನಲ್ಲಿ ಒಬ್ಬ ಅತ್ತರಿನ ವ್ಯಾಪಾರಿಯಿದ್ದ. ಅಜಾನ್ ಕೂಗುವ ಮೊದಲೇ ಮಸೀದಿಯಲ್ಲಿರುವವನು. ಮೊದಲ ಸಾಲಿನಲ್ಲಿ ನಿಲ್ಲುವವನು. ಎದುರಿಗೆ ಯಾರು ಬಂದರೂ ಮೊದಲು ಸಲಾಂ ಹೇಳುವವನು ಅವನೇ. ಅವನ ಹೆಂಡತಿ ಒಂದು ಬೆಳಿಗ್ಗೆ ತೀರಿಕೊಂಡಳು. ಮೆಟ್ಟಿಲಿನಿಂದ ಬಿದ್ದಳು ಎಂದರು. ತೊಳೆಯುವವಳಿಗೆ ಕರೆ ಬಂತು.

ಅವಳು ಬಾಗಿಲಿಗೆ ಪರದೆ ಕಟ್ಟಿದಳು. ಸತ್ತವಳ ಕೈಯ ಬಳೆ ತೆಗೆದಳು. ಬಲಗಡೆಯಿಂದ ಶುರು ಮಾಡಿದಳು. ಕುತ್ತಿಗೆಯ ಬಲಭಾಗದಲ್ಲಿ ಒಂದು ಕಪ್ಪು ಗುರುತು ಕಂಡಿತು. ಕೊಳೆಯೆಂದುಕೊಂಡು ನೀರು ಹಾಕಿದಳು. ಹೋಗಲಿಲ್ಲ. ಎಡಗಡೆಗೆ ಬಂದಳು. ಅಲ್ಲಿ ನಾಲ್ಕು ಗುರುತುಗಳಿದ್ದವು. ಒಂದರ ಕೆಳಗೆ ಒಂದು, ಬೆರಳಿನಷ್ಟು ಅಗಲ.

ಮೆಟ್ಟಿಲಿಗೆ ಬೆರಳುಗಳಿರುವುದಿಲ್ಲ.

ಆಗಲೇ ಹೊರಗಿನಿಂದ ವ್ಯಾಪಾರಿಯ ದನಿ ಕೇಳಿತು. "ಇದನ್ನು ಕಫನ್ ಬಟ್ಟೆಗೆ ಹಚ್ಚಿ, ಖಾಲಾ. ನನ್ನ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ." ಪರದೆಯ ಕೆಳಗಿನಿಂದ ಒಂದು ಕೈ ಒಳಗೆ ಬಂತು. ಕೈಯಲ್ಲಿ ಅತ್ತರಿನ ಕುಪ್ಪಿಯಿತ್ತು. ಅವಳು ಕುಪ್ಪಿಯನ್ನು ನೋಡಲಿಲ್ಲ. ಬೆರಳುಗಳನ್ನು ನೋಡಿದಳು. ನೋಡಿ, ಕುಪ್ಪಿಯನ್ನು ತೆಗೆದುಕೊಂಡಳು.

ಐದು ತುಂಡು ಬಟ್ಟೆಯಲ್ಲಿ ಅವಳು ಆ ಐದು ಗುರುತುಗಳನ್ನು ಸುತ್ತಿದಳು. ಜನಾಜಾ ಹೊರಟಿತು. ಗಂಡಸರು ಸಾಲಾಗಿ ನಿಂತರು. ಸತ್ತವರ ನಮಾಜಿನಲ್ಲಿ ಬಾಗುವುದಿಲ್ಲ, ಹಣೆ ನೆಲಕ್ಕೆ ಹಚ್ಚುವುದಿಲ್ಲ; ನಿಂತೇ ಮುಗಿಸುತ್ತಾರೆ. ವ್ಯಾಪಾರಿ ಮೊದಲ ಸಾಲಿನಲ್ಲಿ ನಿಂತಿದ್ದ.

ಮೂರನೆಯ ದಿನ ಸತ್ತವಳ ತಾಯಿ ತೊಳೆದವಳನ್ನು ಕರೆಸಿದಳು. ಎಲ್ಲ ತಾಯಂದಿರೂ ಕೇಳುವುದನ್ನೇ ಅವಳೂ ಕೇಳಿದಳು. "ನನ್ನ ಮಗಳ ಮುಖ ಹೇಗಿತ್ತು?"

"ಮುಖದಲ್ಲಿ ಬೆಳಕಿತ್ತು," ಎಂದಳು ಅವಳು. ಅದು ಸುಳ್ಳಲ್ಲ. ಮುಖದಲ್ಲಿ ಬೆಳಕಿತ್ತು. ತಾಯಿ ಕೇಳಿದ್ದು ಮುಖದ ಬಗ್ಗೆ ಮಾತ್ರ.

ಸತ್ತವಳಿಗೆ ಒಬ್ಬ ತಂಗಿಯಿದ್ದಳು. ತೊಳೆದವಳು ಮೆಟ್ಟಿಲಿಳಿಯುವಾಗ ಅವಳು ಹಿಂದೆ ಬಂದಳು. ಅವಳ ಸೆರಗಿನಲ್ಲಿ ಅಕ್ಕನ ಬಳೆಗಳಿದ್ದವು.

"ಖಾಲಾ, ಅಕ್ಕ ಡಜನ್ ಬಳೆ ಹಾಕಿಕೊಳ್ಳುತ್ತಿದ್ದಳು. ನೀವು ಕೊಟ್ಟದ್ದು ಏಳು. ಉಳಿದದ್ದು?"

"ತೆಗೆಯುವಾಗ ಒಡೆದವು, ಮಗಳೇ."

ತೆಗೆಯುವಾಗ ಒಡೆದಿರಲಿಲ್ಲ. ಅವಳು ಬಂದಾಗ ಆ ಕೈಗಳಲ್ಲಿದ್ದದ್ದೇ ಏಳು. ಮೌನವನ್ನು ಕಾಯಲು ಅವಳಿಗೆ ಅಂದು ಒಂದು ಸುಳ್ಳು ಬೇಕಾಯಿತು.

ತಿಂಗಳಾಯಿತು. ಸತ್ತವಳ ತಂಗಿಯನ್ನು ಅದೇ ವ್ಯಾಪಾರಿಗೆ ಕೊಡುವ ಮಾತು ನಡೆಯಿತು. ಒಳ್ಳೆಯ ಮನೆ, ಒಳ್ಳೆಯ ನಮಾಜಿ, ಹೊರಗಿನವರಿಗೇಕೆ ಬಿಡಬೇಕು ಎಂದು ಹಿರಿಯರು ಹೇಳಿದರು. ನಲವತ್ತನೆಯ ದಿನದ ಫಾತಿಹಾ ಆದ ವಾರಕ್ಕೆ ನಿಕಾಹ್ ಎಂದು ಗೊತ್ತಾಯಿತು.

ಸುದ್ದಿ ಕೇಳಿದ ದಿನ ತೊಳೆಯುವವಳು ಒಲೆಗೆ ಸೌದೆ ಹಾಕುವುದನ್ನು ಮರೆತಳು. ಮೊದಲ ಸಲ ನಮಾಜಿನಲ್ಲಿ ಎಷ್ಟು ರಕಾತ್ ಆಯಿತೆಂಬುದನ್ನು ಮರೆತಳು. ಎರಡನೆಯ ದಿನ ಮಸೀದಿಯ ಪಕ್ಕದ ಬಾಗಿಲಿಗೆ ಹೋಗಿ ಮೌಲವಿಯವರನ್ನು ಕರೆಸಿದಳು. ಪರದೆಯ ಈಚೆ ನಿಂತು ಕೇಳಿದಳು.

"ಮೈಯತ್ ತೊಳೆದವಳು ಕಂಡದ್ದನ್ನು ಹೇಳಬಹುದೇ?"

"ಇಲ್ಲ ತಾಯಿ. ಮುಚ್ಚಿಡಬೇಕು. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು ಮೌಲವಿ. ಅವರು ಒಳ್ಳೆಯ ಮನುಷ್ಯ. ಹೆಂಗಸೊಬ್ಬಳು ಬಿಸಿಲಿನಲ್ಲಿ ಇಷ್ಟು ದೂರ ಗೊತ್ತಿದ್ದ ಮಾತನ್ನು ಕೇಳಲು ಬರುವುದಿಲ್ಲ ಎಂದು ಅವರಿಗೆ ಅನಿಸಿರಬೇಕು. ಸ್ವಲ್ಪ ತಡೆದು ಕೇಳಿದರು. "ಬೇರೆ ಏನಾದರೂ ಇದೆಯೇ?"

ಪರದೆ ಗಾಳಿಗೆ ಅಲುಗಿತು. ಒಳಗೆ ಯಾರೋ ಮೊದಲ ಸಾಲಿನ ಜಾಗದಲ್ಲಿ ಕೂತು ತಸ್ಬೀಹ್ ಮಣಿ ಎಣಿಸುತ್ತಿದ್ದರು. ಅತ್ತರಿನ ವಾಸನೆ ಬಂತು.

"ಇಲ್ಲ," ಎಂದಳು ಅವಳು.

ಅರ್ಧ ಪ್ರಶ್ನೆ ಕೇಳಿದ್ದಳು. ಪೂರ್ತಿ ಉತ್ತರ ಸಿಕ್ಕಿತೆಂದುಕೊಂಡು ಮನೆಗೆ ಹೋದಳು.

ನಿಕಾಹ್‌ನ ದಿನ ಹೆಂಗಸರ ಕೋಣೆಯಲ್ಲಿ ಅವಳೂ ಇದ್ದಳು. ಮದುಮಗಳ ಒಪ್ಪಿಗೆಯಿಲ್ಲದೆ ನಿಕಾಹ್ ಆಗುವುದಿಲ್ಲ. ಒಪ್ಪಿಗೆ ಕೇಳಲು ಸಾಕ್ಷಿಗಳ ಜೊತೆ ಹುಡುಗಿಯ ಸೋದರಮಾವ ಬಂದು ಬಾಗಿಲ ಬಳಿ ನಿಂತ. ಒಂದು ಸಲ ಕೇಳಿದ. ಹುಡುಗಿ ಸುಮ್ಮನಿದ್ದಳು. ಎರಡನೆಯ ಸಲ ಕೇಳಿದ. ಹುಡುಗಿ ತಲೆಯೆತ್ತಿದಳು. ಅಷ್ಟು ಹೆಂಗಸರ ನಡುವೆ ಅವಳ ಕಣ್ಣು ತೊಳೆದವಳನ್ನು ಹುಡುಕಿ ಹಿಡಿಯಿತು. ಎಡಗೈಯ ಬಳೆಗಳ ಮೇಲೆ ಬಲಗೈ ಇಟ್ಟುಕೊಂಡು ನೋಡಿದಳು, ಅಷ್ಟೇ.

ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಬೇಡ ಎನ್ನುವಂತೆ, ಒಂದೇ ಸಲ.

ತೊಳೆದವಳು ಕಣ್ಣು ತಗ್ಗಿಸಿದಳು. ಮೂರನೆಯ ಸಲ ಕೇಳಿದಾಗ ಹುಡುಗಿ ಕಬೂಲ್ ಎಂದಳು. ಖರ್ಜೂರ ಹಂಚಿದರು. ತೊಳೆದವಳಿಗೂ ಒಂದು ಹಿಡಿ ಸಿಕ್ಕಿತು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು, ತಿನ್ನಲಿಲ್ಲ.

ರಂಜಾನ್ ಬಂತು. ಹನ್ನೊಂದನೆಯ ಉಪವಾಸದ ದಿನ ಮಧ್ಯಾಹ್ನ ಅವಳಿಗೆ ಅದೇ ಮನೆಯಿಂದ ಕರೆ ಬಂತು. ಹುಡುಗಿಗೆ ಉಪವಾಸ ತಡೆಯಲಿಲ್ಲ, ತಲೆ ತಿರುಗಿ ಬಿದ್ದಳು ಎಂದರು.

ಅವಳೂ ಉಪವಾಸವಿದ್ದಳು. ನಾಲಗೆ ಒಣಗಿತ್ತು. ಬೋರೆ ಎಲೆ ಹಾಕಿ ನೀರು ಕಾಯಿಸಿದಳು. ಪರದೆ ಕಟ್ಟಿದಳು. ಈ ಸಲ "ನೀರು ಬಿಸಿಯಾಯಿತೇನಮ್ಮಾ" ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಬಲಗಡೆಯಿಂದ ಶುರು ಮಾಡಬೇಕು. ಕೈ ಮುಂದೆ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಹೋಯಿತು.

ಬಲಗಡೆ ಒಂದು. ಎಡಗಡೆ ನಾಲ್ಕು.

ಪರದೆಯ ಕೆಳಗಿನಿಂದ ಕೈ ಬಂತು, ಕುಪ್ಪಿ ಹಿಡಿದುಕೊಂಡು. ಅವಳು ತೆಗೆದುಕೊಳ್ಳಲಿಲ್ಲ. ಕೈ ಅಲ್ಲೇ ಇತ್ತು. "ಖಾಲಾ?" ಎಂದಿತು ಹೊರಗಿನ ದನಿ. "ಖಾಲಾ, ಕೇಳಿಸಿತೇ?" ಕೈ ನಿಧಾನವಾಗಿ ಹಿಂದೆ ಸರಿಯಿತು.

ಅವಳು ಎದ್ದು ಇನ್ನೊಂದು ಬಾಗಿಲಿನಿಂದ ತಾಯಿಯನ್ನು ಒಳಗೆ ಕರೆದಳು. ಕುತ್ತಿಗೆಯ ಬಟ್ಟೆಯನ್ನು ಸರಿಸಿದಳು.

ತಾಯಿ ನೋಡಿದಳು. ಅಳಲಿಲ್ಲ.

"ದೊಡ್ಡವಳಿಗೂ?"

"ಹೌದು."

"ನಾನು ಕೇಳಿದಾಗ ಮುಖದಲ್ಲಿ ಬೆಳಕಿತ್ತು ಅಂದೆ."

"ಸತ್ತವರ ಐಬು ಮುಚ್ಚಬೇಕು ಅಂತ ಕಲಿತಿದ್ದೆ ತಾಯಿ."

"ಇದು ನನ್ನ ಮಗಳ ಐಬೇನು?" ಎಂದಳು ತಾಯಿ. "ಇದು ಅವನ ಕೈ. ನೀನು ಬಟ್ಟೆ ಹೊದಿಸಿದ್ದು ಯಾರಿಗೆ?"

ತೊಳೆದವಳು ಒದ್ದೆ ನೆಲದ ಮೇಲೆ ಕುಸಿದು ಕೂತಳು. ತಾಯಿಯ ಕಾಲು ಹಿಡಿದಳು. "ಮಾಫ್ ಮಾಡು," ಎಂದಳು.

ತಾಯಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ನನ್ನ ಪಾಲಿನದನ್ನು ಯಾವತ್ತಾದರೂ ಬಿಟ್ಟೇನು," ಎಂದಳು. "ಇವಳ ಪಾಲಿನದನ್ನು ನಾನು ಹೇಗೆ ಬಿಡಲಿ? ಇವಳನ್ನೇ ಕೇಳು."

ಅವಳು ಅಂದೇ ಕಾಜಿಯ ಮುಂದೆ ಹೋಗಿ ಎರಡು ಸಲ ಕಂಡದ್ದನ್ನೂ ಹೇಳಿದಳು. ವ್ಯಾಪಾರಿಗೆ ಆಗಬೇಕಾದದ್ದು ಆಯಿತು. ಅದು ಈ ಕತೆಯಲ್ಲ.

ಅವಳು ಆಮೇಲೂ ಬಹಳ ವರ್ಷ ಬದುಕಿದಳು. ಐದು ಹೊತ್ತಿನ ನಮಾಜು ಬಿಡಲಿಲ್ಲ. ನಮಾಜಿನ ಕೊನೆಗೆ ಬಲಕ್ಕೊಂದು, ಎಡಕ್ಕೊಂದು ಸಲಾಂ ಹೇಳಬೇಕಲ್ಲ. ಎರಡು ಭುಜದ ಮೇಲೂ ಮಲಕ್‌ಗಳು, ದೇವದೂತರು, ಕೂತು ಬರೆಯುತ್ತಿರುತ್ತಾರೆ, ಬಲದವರು ಒಳ್ಳೆಯದನ್ನು, ಎಡದವರು ಕೆಟ್ಟದ್ದನ್ನು. ಬಲಕ್ಕೆ ಅವಳ ಮುಖ ಬೇಗ ತಿರುಗುತ್ತಿತ್ತು. ಎಡಕ್ಕೆ ತಿರುಗಲು ಹೊತ್ತು ಹಿಡಿಯುತ್ತಿತ್ತು. ಪಕ್ಕದಲ್ಲಿ ನಿಂತ ಹೆಂಗಸರು ನಮಾಜು ಮುಗಿಸಿ ಎದ್ದು ಹೋದ ಮೇಲೂ ಅವಳು ಬಲಕ್ಕೆ ಮುಖ ಮಾಡಿಕೊಂಡೇ ಕೂತಿರುತ್ತಿದ್ದಳು.

ಆಪಾ ನಿಲ್ಲಿಸಿದರು. ಪಡಸಾಲೆಯ ಬಿಸಿಲು ಹೊಸ್ತಿಲು ದಾಟಿ ಅಂಗಳಕ್ಕೆ ಸರಿದಿತ್ತು. ನಲ್ಲಿ ಸರಿಯಾಗಿ ನಿಂತಿರಲಿಲ್ಲ, ತೊಟ್ಟಿಕ್ಕುತ್ತಿತ್ತು.

"ಅವಳು ಯಾಕೆ ಹೇಳಲಿಲ್ಲ ಆಪಾ?" ಸಫೂರಾ ಕೇಳಿದಳು. ಅವಳ ದನಿ ಸಣ್ಣದಾಗಿತ್ತು. "ಹೆದರಿದಳಾ?"

"ಹೆದರಿದಳು. ಹೆದರಿಕೆಗೆ ಅವಳು ದೀನಿನ, ಧರ್ಮದ, ಹೆಸರಿಟ್ಟಳು. ಅದಕ್ಕೇ ಅವಳಿಗೆ ಅದು ಹೆದರಿಕೆ ಅಂತ ಗೊತ್ತಾಗಲೇ ಇಲ್ಲ."

"ಹೇಳಿದ್ದರೆ ಯಾರಾದರೂ ನಂಬುತ್ತಿದ್ದರಾ? ಅವನು ಮೊದಲ ಸಾಲಿನವನು."

"ನಂಬುವುದು ಬಿಡುವುದು ಕೇಳಿದವರ ಪಾಲಿನದು. ಅವರು ಅದಕ್ಕೆ ಉತ್ತರ ಕೊಡುತ್ತಾರೆ. ಅಲ್ಲಾಹನು ಇವಳನ್ನು ಕೇಳುವುದು ಬೇರೆ, ನೀನು ಹೇಳಿದೆಯಾ ಅಂತ."

ಸಫೂರಾ ಬಲಗೈಯನ್ನು ಮಡಿಲಿನಲ್ಲಿ ಮುಚ್ಚಿಕೊಂಡಳು. ಆಪಾ ಅದನ್ನು ನೋಡಿದರು.

"ಮೊನ್ನೆ ನಿನಗೆ ನೀರು ಹಾಕಿದವರು ಯಾರು? ಮುದುಕಿಗೆ ತಂಬಿಗೆ ಎತ್ತಲಾಗುವುದಿಲ್ಲ."

"ಆ ಮನೆಯ ಕಿರಿಯ ಸೊಸೆ, ಆಪಾ. ಹೋದ ತಿಂಗಳು ಮದುವೆಯಾಗಿ ಬಂದವಳು. ಕೈಯಲ್ಲಿ ಇನ್ನೂ ಮೆಹಂದಿ ಇತ್ತು." ಸಫೂರಾ ಬಲಗೈಯನ್ನು ಮೂಗಿನ ಹತ್ತಿರ ತಂದಳು; ಕರ್ಪೂರದ ವಾಸನೆ ಇನ್ನೂ ಇತ್ತು. "ಕುತ್ತಿಗೆಗೆ ನೀರು ಹಾಕುವಾಗ ಅವಳ ತಂಬಿಗೆ ನಡುಗುತ್ತಿತ್ತು."

ಮಸೀದಿಯ ಮೈಕು ಕರಕರ ಎಂದಿತು. ಯಾರೋ ಗಂಟಲು ಸರಿಮಾಡಿಕೊಂಡರು. ಅಸರ್‌ನ ಅಜಾನ್ ಶುರುವಾಯಿತು. ಇಬ್ಬರೂ ಸೆರಗು ತಲೆಯ ಮೇಲೆ ಎಳೆದುಕೊಂಡು ಅದು ಮುಗಿಯುವವರೆಗೆ ಕೂತಿದ್ದರು. ಅಜಾನ್ ಮುಗಿದ ಮೇಲೂ ಸಫೂರಾ ವುಜೂ ಮಾಡಲು ಏಳಲಿಲ್ಲ.

"ಸಫೂರಾ," ಎಂದರು ಆಪಾ, "ಉಳಿದ ಅರ್ಧ ಪ್ರಶ್ನೆ ಕೇಳು, ಮಗಳೇ."